ತಿಗರಿ ಇಲ್ಲದೆ ಮಡಕೆ: ಕೈಗಿಂತ ನೀರಿನದೇ ತಕರಾರು ಜಾಸ್ತಿ

ದೀಪಾವಳಿಗೆ ಸ್ವಲ್ಪ ಮುಂಚೆ ನನ್ನ ಮಡಕೆಗಳು ಆವಿಗೆಯಿಂದ, ಅಂದರೆ ಕುಂಬಾರರು ಮಡಕೆ ಸುಡುವ ಗೂಡಿನಿಂದ, ಹೊರಗೆ ಬಂದವು. ಶುರು ಮಾಡಿದ್ದು ಬೇಸಿಗೆಯಲ್ಲಿ. ಇಷ್ಟು ತಿಂಗಳಲ್ಲಿ ಮಣ್ಣು ಕೈಯಲ್ಲಿ ಹಿಡಿದು ಕೂತ ಹೊತ್ತು ಬಹಳ ಕಡಿಮೆ. ಉಳಿದದ್ದೆಲ್ಲ ಕಾಯುವುದು. ಮಣ್ಣು ನೆನೆಯಲಿ ಅಂತ ಕಾಯುವುದು, ಒಣಗಲಿ ಅಂತ ಕಾಯುವುದು, ಸುಡುವವರು ಸಿಗಲಿ ಅಂತ ಕಾಯುವುದು. ಕೈಯಲ್ಲೇ ಮಡಕೆ ಕಟ್ಟುವ ಆಸೆ ಇರುವವರು ವೀಡಿಯೋ ನೋಡಿ ಆಕಾರದ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಆಕಾರ ಹೇಗೋ ಬರುತ್ತದೆ. ಮಣ್ಣಿನೊಳಗಿನ ನೀರನ್ನು ಸಮಾಧಾನವಾಗಿ ಹೊರಗೆ ಕಳಿಸುವುದೇ ಕಷ್ಟ. ಅದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ತಿಗರಿ, ಅಂದರೆ ಕುಂಬಾರರ ಚಕ್ರ, ಯಾಕೆ ಬೇಡ ಅಂತ ಎಲ್ಲರೂ ಕೇಳಿದರು. ಮೈಸೂರಿನಲ್ಲಿ ಮೇಲ್ಮಹಡಿಯ ಬಾಡಿಗೆ ಮನೆ ನಮ್ಮದು. ಕರೆಂಟಿನ ತಿಗರಿಗೆ ಹತ್ತಾರು ಸಾವಿರ ರೂಪಾಯಿ, ಅದರ ಭಾರ, ಅದು ಎರಚುವ ರಾಡಿ, ಯಾವುದೂ ಮನೆ ಮಾಲೀಕರಿಗೆ ಹಿಡಿಸುವ ವಿಷಯವಲ್ಲ. ಒಂದು ದಿನದ ತಿಗರಿ ಕ್ಲಾಸಿಗೂ ಹೋಗಿ ನೋಡಿದ್ದೆ. ಅಲ್ಲಿ ಮಡಕೆ ಮಾಡಿದ್ದು ಹೇಳಿಕೊಡುವವರ ಕೈ, ಫೋಟೋದಲ್ಲಿ ಬಂದದ್ದು ನನ್ನ ಕೈ. ನನಗೆ ಬೇಕಿದ್ದದ್ದು ಅಡುಗೆಮನೆಯಲ್ಲಿ ಇಟ್ಟು ಬಳಸುವಂಥ, ನಾನೇ ಬುಡದಿಂದ ಬಾಯಿವರೆಗೆ ಕಟ್ಟಿದ ಒಂದು ಪಾತ್ರೆ.

ತಿಗರಿ ಇಲ್ಲದ ಮಡಕೆ ಅಂದರೆ ಮಕ್ಕಳ ಆಟ ಅಂದುಕೊಳ್ಳುವವರೂ ಇದ್ದಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ, ಕೆಳಗಿನ ಪದರಗಳಲ್ಲಿ ಕಲ್ಲಿನ ಕೊಡಲಿಗಳ ಜೊತೆ ಸಿಕ್ಕ ಬೂದು ಬಣ್ಣದ ಮಡಕೆಗಳು ಹೆಚ್ಚಿನವು ಕೈಯಲ್ಲೇ ಕಟ್ಟಿದವು. ಬಳ್ಳಾರಿ ಹತ್ತಿರದ ಸಂಗನಕಲ್ಲು, ತೆಕ್ಕಲಕೋಟೆಯ ನವಶಿಲಾಯುಗದ ಮಡಕೆಗಳೂ ಹೀಗೇ. ಮಣಿಪುರದ ಲೋಂಗ್ಪಿಯಲ್ಲಿ ಇವತ್ತಿಗೂ ಕಲ್ಲಿನ ಪುಡಿ ಬೆರೆಸಿದ ಮಣ್ಣಿನಿಂದ ತಿಗರಿ ಇಲ್ಲದೆಯೇ ಕಪ್ಪು ಅಡುಗೆ ಪಾತ್ರೆ ಮಾಡುತ್ತಾರೆ. ನಮ್ಮ ಕಡೆಯ ಕುಂಬಾರರ ಮನೆಗಳಲ್ಲೂ ಮಣ್ಣಿನ ಒಲೆ, ದೊಡ್ಡ ಗುಡಾಣ ಇಂಥವಕ್ಕೆ ಕೈಯೇ ಗತಿ.

ಮೊದಲು ಮಣ್ಣು. ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಹದ ಮಾಡಿದ ಕೆಂಪು ಮಣ್ಣಿಗೆ ನಾನು ಕೆಜಿಗೆ ಮೂವತ್ತು ನಲವತ್ತು ರೂಪಾಯಿ ಕೊಟ್ಟೆ. ತರಿಸುವ ಖರ್ಚು ಬೇರೆ. ಮಣ್ಣಿಗೆ ಕೊರಿಯರ್ ಚಾರ್ಜು ಮಣ್ಣಿನಷ್ಟೇ ಭಾರ, ಆದ್ದರಿಂದ ಹತ್ತಿರದಲ್ಲಿ ಸಿಕ್ಕರೆ ಹೋಗಿ ತನ್ನಿ. ಕೆರೆ ಮಣ್ಣು ಬಿಟ್ಟಿ ಅಂತ ಗುದ್ದಲಿ ಹಿಡಿದು ಹೊರಡಬೇಡಿ. ಊರವರನ್ನು, ಪಂಚಾಯಿತಿಯವರನ್ನು ಕೇಳದೆ ಅಗೆದರೆ ಜಗಳ ಆಗುತ್ತದೆ.

ಚೀಲದ ಮಣ್ಣಿನಲ್ಲಿ ಒಂದೆರಡು ಬಟ್ಟಲು ಮಾಡಿದೆ. ಉಂಡೆ ಹಿಡಿದು, ಹೆಬ್ಬೆರಳು ಒತ್ತಿ ಗುಳಿ ಮಾಡಿ, ಸುತ್ತಲೂ ಚಿವುಟುತ್ತಾ ಬರುವುದು. ಅಷ್ಟು ಯಾರಿಗಾದರೂ ಬರುತ್ತದೆ. ಆದರೆ ಬಟ್ಟಲು ದಾಟಿ ಮಡಕೆಗೆ ಹೋದ ತಕ್ಷಣ ಗೋಡೆ ಕುಸಿಯುತ್ತದೆ. ವೀಡಿಯೋಗಳಲ್ಲಿ ಅಲ್ಲಿಗೆ ಬಂದಾಗ ದೃಶ್ಯ ಕತ್ತರಿಸಿ, ಮುಂದಿನ ಕ್ಷಣ ಗೋಡೆ ಗಟ್ಟಿಯಾಗಿ ನಿಂತಿರುತ್ತದೆ. ಆ ಮಧ್ಯದಲ್ಲಿ ಏನಾಯಿತು ಅಂತ ಯಾರೂ ಹೇಳುವುದಿಲ್ಲ.

ಅದನ್ನು ಹೇಳಿಕೊಟ್ಟವರು ಒಬ್ಬ ಅಜ್ಜಿ. ರಸ್ತೆ ಬದಿ ಮಡಕೆ ಮಾರುವ ಹೆಂಗಸಿನ ಹತ್ತಿರ ಮಾತಾಡುತ್ತಾ, ಕೈಯಲ್ಲೇ ಕಟ್ಟುವವರು ಯಾರಾದರೂ ಇದ್ದಾರಾ ಅಂತ ಕೇಳಿದೆ. "ನಮ್ಮತ್ತೆ ಒಲೆ, ಗುಡಾಣ ಎಲ್ಲ ಕಟ್ತರೆ, ಬನ್ನಿ" ಅಂದರು. ಮೈಸೂರಿನಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದ ಊರು. ಆ ಮನೆಯಲ್ಲಿ ತಿಗರಿ ಮೇಲೆ ಕೂರುವುದು ಗಂಡಸರೇ. ಹೆಂಗಸರದ್ದು ಮಣ್ಣು ಹದ ಮಾಡುವುದು, ತಟ್ಟುವುದು, ಉಜ್ಜುವುದು, ಮಾರುವುದು. ಹಾಗಾಗಿ ತಿಗರಿ ಇಲ್ಲದ ಕೆಲಸ ಎಲ್ಲ ಅಜ್ಜಿಗೇ ಗೊತ್ತು.

ನಿಮಗೊಂದು ಮಾತು. ಇಂಥವರ ಹತ್ತಿರ ಹೋದರೆ "ಸುಮ್ನೆ ಸ್ವಲ್ಪ ಹೇಳಿಕೊಡಿ" ಅನ್ನಬೇಡಿ. ಅವರ ದಿನದ ಕೆಲಸ ನಿಲ್ಲುತ್ತದೆ. ನಾನು ಒಂದು ದಿನದ ಕೂಲಿ ಎಷ್ಟು ಅಂತ ಅವರ ಸೊಸೆಯನ್ನೇ ಕೇಳಿ, ಅಷ್ಟನ್ನು ಬೆಳಿಗ್ಗೆಯೇ ಕೊಟ್ಟುಬಿಡುತ್ತಿದ್ದೆ. ಅಜ್ಜಿ ಬೇಡ ಅಂದರೂ ಸೊಸೆ ತೆಗೆದುಕೊಳ್ಳುತ್ತಿದ್ದರು. ಎಲೆ ಅಡಿಕೆ ಮಾತ್ರ ಅಜ್ಜಿಯ ಕೈಗೇ.

ಅಜ್ಜಿ ನನ್ನ ಚೀಲದ ಮಣ್ಣನ್ನು ಬೆರಳ ಮಧ್ಯೆ ಉಜ್ಜಿ ನೋಡಿ, "ಬೆಣ್ಣೆ ಇದ್ದಂಗದೆ, ನಿಲ್ಲಕಿಲ್ಲ" ಅಂದರು. ದೊಡ್ಡ ಪಾತ್ರೆಗೆ ನುಣುಪು ಮಣ್ಣು ಒಂದೇ ಸಾಲದು. ಒಳಗೆ ಒರಟು ಬೇಕು. ಸಣ್ಣ ಮರಳು, ಹಳೇ ಮಡಕೆ ಚೂರಿನ ಪುಡಿ, ಬೂದಿ, ಇಂಥದ್ದು. ಒರಟು ಬೆರೆಸಿದರೆ ಮಣ್ಣು ಕಡಿಮೆ ಕುಗ್ಗುತ್ತದೆ, ಒಳಗಿನ ನೀರಿಗೆ ಹೊರಗೆ ಬರಲು ದಾರಿಯೂ ಸಿಗುತ್ತದೆ. ಅವರು ಕೆರೆ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಮರಳು ಸೇರಿಸಿ ಕಾಲಲ್ಲಿ ತುಳಿಯುತ್ತಾರೆ. ನಾನೂ ತುಳಿದೆ. ಹಿಮ್ಮಡಿಗೆ ಸಣ್ಣ ಕಲ್ಲು ತಗುಲಿದರೆ ನಿಲ್ಲಿಸಿ ಹೆಕ್ಕಿ ಬಿಸಾಡಬೇಕು. ಬಿಳಿ ಹರಳು ಕಂಡರಂತೂ ಬಿಡಲೇಬಾರದು ಅಂದರು. ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ಮನೆಯಲ್ಲಿ ಮಣ್ಣು ಪರೀಕ್ಷೆ ಮಾಡಲು ಎರಡು ಸುಲಭ ದಾರಿ ಇವೆ. ಕಿರುಬೆರಳ ದಪ್ಪದ ಬತ್ತಿ ಹೊಸೆದು ತೋರುಬೆರಳಿಗೆ ಸುತ್ತಿ. ಬಿರುಕು ಬಿಡದಿದ್ದರೆ ಕಟ್ಟಲು ಆಗುತ್ತದೆ. ಇನ್ನೊಂದು, ಮಣ್ಣಿನ ಪಟ್ಟಿ ಮೇಲೆ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆದು ಒಣಗಿಸಿ. ಗೆರೆ 9.3 ಆದರೆ ನೂರಕ್ಕೆ ಏಳು ಕುಗ್ಗಿತು ಅಂತ ಲೆಕ್ಕ. ಸುಟ್ಟ ಮೇಲೆ ಇನ್ನೂ ಸ್ವಲ್ಪ ಕುಗ್ಗಬಹುದು. ಬುಡದಿಂದ ಬಾಯಿವರೆಗೆ ಪಾತ್ರೆ ಇಷ್ಟು ಕುಗ್ಗಲೇಬೇಕು. ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಕುಗ್ಗಿದರೆ ಮಧ್ಯದಲ್ಲಿ ಸೀಳು. ಮುಂದಿನ ಎಲ್ಲ ತಾಪತ್ರಯಕ್ಕೂ ಇದೇ ಮೂಲ.

ಅಜ್ಜಿ ಕಟ್ಟುವುದನ್ನು ನೋಡಬೇಕು. ತಲೆಕೆಳಗಾದ ಹಳೇ ಮಡಕೆಯ ಮೇಲೆ ಬೂದಿ ಚಿಮುಕಿಸಿ, ರೊಟ್ಟಿ ತಟ್ಟಿದ ಹಾಗೆ ಬುಡ ತಟ್ಟುತ್ತಾರೆ. ಬೂದಿ ಇರುವುದು ಮಣ್ಣು ಅಂಟದಿರಲಿ ಅಂತ. ಸ್ವಲ್ಪ ಬಿಗಿದ ಮೇಲೆ ಅದನ್ನು ಎತ್ತಿ, ಸಗಣಿ ಸಾರಿಸಿದ ನೆಲದಲ್ಲಿ ಬಟ್ಟೆ ಸಿಂಬಿ ಮೇಲೆ ಕೂರಿಸುತ್ತಾರೆ. ಆಮೇಲೆ ಬತ್ತಿ. ನಾವು ಹಲಗೆ ಮೇಲೆ ಹೊಸೆಯುತ್ತೇವೆ, ಅಜ್ಜಿ ಎರಡು ಅಂಗೈ ಮಧ್ಯೆ ಗಾಳಿಯಲ್ಲೇ ಹೊಸೆಯುತ್ತಾರೆ. ಬತ್ತಿ ಉದ್ದವಾಗುತ್ತಾ ಮೊಣಕೈವರೆಗೆ ಇಳಿಯುತ್ತದೆ, ತುಂಡಾಗುವುದಿಲ್ಲ. ಅಂಚಿನ ಒಳಗಡೆಗೆ ಬತ್ತಿ ಇಟ್ಟು, ಒಳಗಿನಿಂದ ಹೆಬ್ಬೆರಳಲ್ಲಿ ಕೆಳಕ್ಕೆ ಎಳೆಯುತ್ತಾರೆ, ಹೊರಗಿನಿಂದ ತೋರುಬೆರಳಲ್ಲಿ ಮೇಲಕ್ಕೆ. ಬತ್ತಿಯ ಗುರುತೇ ಉಳಿಯಬಾರದು. ಪಾತ್ರೆ ಕೂತಲ್ಲೇ ಇರುತ್ತದೆ, ಸೊಂಟ ಬಗ್ಗಿಸಿಕೊಂಡು ಸುತ್ತ ತಿರುಗುವವರು ಅಜ್ಜಿ.

ಮೂರು ಸುತ್ತು ಬತ್ತಿ ಏರಿಸಿದ ಮೇಲೆ ಕೈ ತೊಳೆದುಕೊಂಡುಬಿಟ್ಟರು. "ಸಾಕು, ಈಗ ಮಣ್ಣು ಕುಂತ್ಕಳ್ಳಿ" ಅಂದರು. ವೀಡಿಯೋದಲ್ಲಿ ಕತ್ತರಿಸಿ ಬಿಸಾಡಿದ ಭಾಗ ಇದೇ. ಕೆಳಗಿನ ಗೋಡೆ ಬಿಗಿದು ಮೇಲಿನ ಭಾರ ಹೊರುವಂತಾಗಬೇಕು, ಆದರೆ ಅಂಚು ಮಾತ್ರ ಹಸಿಯಾಗಿಯೇ ಇರಬೇಕು. ಅದಕ್ಕೆ ಅಂಚಿನ ಮೇಲೆ ಒದ್ದೆ ಬಟ್ಟೆ. ಬಿಸಿಲ ದಿನ ಊಟ ಮಾಡಿ ಬರುವಷ್ಟರಲ್ಲಿ ಹದಕ್ಕೆ ಬರುತ್ತದೆ, ಮೋಡದ ದಿನ ಮಾರನೇ ಬೆಳಿಗ್ಗೆಗೆ. ಅಂಚು ಒಣಗಿಬಿಟ್ಟಿದ್ದರೆ ಮುಳ್ಳಿನಿಂದ ಗೀರು ಹಾಕಿ, ಅದೇ ಮಣ್ಣಿನ ತೆಳು ರಾಡಿ ಹಚ್ಚಿ ಹೊಸ ಬತ್ತಿ ಕೂರಿಸಬೇಕು. ಬರೀ ನೀರು ಹಚ್ಚಿದರೆ ಅಂಟಿದ ಹಾಗೆ ಕಾಣುತ್ತದೆ, ಒಣಗುವಾಗ ಬಿಟ್ಟುಕೊಳ್ಳುತ್ತದೆ.

ಹೊಟ್ಟೆಯ ಭಾಗ ಬಿಗಿದ ಮೇಲೆ ತಟ್ಟುವ ಕೆಲಸ. ಒಳಗೆ ಎಡಗೈಯಲ್ಲಿ ಒಂದು ನುಣುಪು ಕಲ್ಲು, ಹೊರಗೆ ಬಲಗೈಯಲ್ಲಿ ಮರದ ಹಲಗೆ. ಎರಡೂ ಗೋಡೆಯ ಒಂದೇ ಜಾಗದಲ್ಲಿ ಸೇರಬೇಕು. ಗೋಡೆ ದಪ್ಪ ಇರುವಾಗ ಪೆಟ್ಟಿನ ಸದ್ದು ಮಂಕು. ತೆಳುವಾಗುತ್ತಾ ಬಂದ ಹಾಗೆ ಸದ್ದು ಬಿಚ್ಚಿಕೊಳ್ಳುತ್ತದೆ. ಅಜ್ಜಿ ಬೇರೆ ಕಡೆ ನೋಡಿಕೊಂಡು ಸೊಸೆಯನ್ನು ಬೈಯುತ್ತಲೇ ತಟ್ಟುತ್ತಿದ್ದರು, ಕಿವಿ ಮಾತ್ರ ಮಡಕೆ ಕಡೆ. ನನ್ನ ಎಡಗೈ ಕಲ್ಲನ್ನು ಹೊರಗಿನ ಪೆಟ್ಟಿನ ನೇರಕ್ಕೆ ತರಲು ಬಹಳ ದಿನ ಬೇಕಾಯಿತು. ಬಲಗೈ ಕಣ್ಣಿಗೆ ಕಾಣುತ್ತದೆ, ಎಡಗೈ ಕಾಣುವುದಿಲ್ಲ ಅಲ್ವಾ.

ಹೀಗೆ ಕಲಿತು ಮನೆಯಲ್ಲಿ ಕಟ್ಟಲು ಶುರು ಮಾಡುವ ಹೊತ್ತಿಗೆ ಆಷಾಢ. ನಮ್ಮ ಕಡೆ ಆಷಾಢದ ಗಾಳಿ ಎಂಥದ್ದು ಅಂತ ಗೊತ್ತಲ್ಲ. ಬಿಸಿಲು ಇಲ್ಲ, ಮಳೆಯ ತೇವ ಇದೆ, ಒಣಗುವುದು ನಿಧಾನ ಆಗುತ್ತದೆ, ಒಳ್ಳೆಯದೇ ಅಂದುಕೊಂಡಿದ್ದೆ. ಗಾಳಿಯ ಲೆಕ್ಕ ಬೇರೆಯೇ ಇತ್ತು. ಕಿಟಕಿ ಕಡೆಯ ಗೋಡೆ ಬಿಳುಪೇರಿತು, ಈಚೆ ಗೋಡೆ ಕಪ್ಪಾಗಿಯೇ ಉಳಿಯಿತು. ಎರಡರ ನಡುವೆ ಅಂಚಿನಿಂದ ಕೆಳಕ್ಕೆ ಕೂದಲೆಳೆಯ ಸೀಳು. ಇನ್ನೊಂದರ ಬುಡದಲ್ಲಿ ಅಡ್ಡ ಸೀಳು, ಯಾಕೆಂದರೆ ಅದನ್ನು ಸಿಮೆಂಟ್ ನೆಲದ ಮೇಲೆ ನೇರ ಇಟ್ಟಿತ್ತು. ಬುಡ ನೆಲಕ್ಕೆ ಕಚ್ಚಿಕೊಂಡರೆ ಕುಗ್ಗಲು ಜಾಗವಿಲ್ಲ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಅನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ. ಆ ರಾತ್ರಿ ಬೇಜಾರಾಗಿ ಎಲ್ಲವನ್ನೂ ಮುರಿದು ಬಕೆಟ್ಟಿಗೆ ಹಾಕಿ ನೀರು ಸುರಿದೆ. ಸಮಾಧಾನದ ವಿಷಯ ಅಂದರೆ, ಸುಡದ ಮಣ್ಣು ಯಾವತ್ತೂ ದಂಡವಲ್ಲ. ಪೂರ್ತಿ ಒಣಗಿದ ಚೂರುಗಳು ನೀರಿಗೆ ಬಿದ್ದರೆ ಬೇಗ ಕರಗುತ್ತವೆ. ಅರ್ಧ ಒಣಗಿದವೇ ಗಂಟುಗಂಟಾಗಿ ಕಾಡುತ್ತವೆ.

ಕೊನೆಗೆ ಕೆಲಸಕ್ಕೆ ಬಂದದ್ದು ಇದು: ಗಾಳಿ ಇಲ್ಲದ ಕೋಣೆ, ಕೆಳಗೆ ಮಡಿಸಿದ ನ್ಯೂಸ್‌ಪೇಪರ್, ಅಂಚಿಗೆ ಪ್ಲಾಸ್ಟಿಕ್, ಇಡೀ ಪಾತ್ರೆಯ ಮೇಲೆ ಹಳೇ ಪಂಚೆ, ದಿನಾ ಬೆಳಿಗ್ಗೆ ಸ್ವಲ್ಪ ತಿರುಗಿಸಿಡುವುದು. ಅಂಚು ಗಟ್ಟಿಯಾದ ಮೇಲೆ ಮಡಕೆಯನ್ನು ಬೋರಲು ಹಾಕಿದರೆ ಬುಡಕ್ಕೂ ಗಾಳಿ ಸಿಗುತ್ತದೆ. ಮನೆಯವರು ಆ ಕೋಣೆಯ ಫ್ಯಾನ್ ಹಾಕದ ಹಾಗೆ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದ್ದೆ. ನೆಂಟರು ಬಂದಾಗ ಅದೂ ಒಂದು ಕತೆಯಾಯಿತು.

ಅರ್ಧ ಒಣಗಿದ ಹದದಲ್ಲಿ, ಅಂದರೆ ಉಗುರು ಒತ್ತಿದರೆ ಗುರುತು ಬೀಳಬೇಕು ಆದರೆ ಗೋಡೆ ಬಗ್ಗಬಾರದು, ಆ ಹೊತ್ತಿಗೆ ಕೆಮ್ಮಣ್ಣಿನ ತೆಳು ರಾಡಿ ಬಳಿದು ಹೊಳೆಯಲ್ಲಿ ಸಿಗುವ ನುಣುಪು ಕಲ್ಲಿನಿಂದ ಉಜ್ಜಬೇಕು. ಇದು ಅಂದಕ್ಕೆ ಮಾತ್ರ ಅಲ್ಲ. ಮೇಲ್ಮೈ ಬಿಗಿದು ಸುಟ್ಟ ಮೇಲೆ ನೀರು ಜಿನುಗುವುದು ಕಡಿಮೆಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಲು ಹೋಗಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ತಿದ್ದುವುದಿದ್ದರೆ ಒದ್ದೆ ಸ್ಪಂಜಿನಲ್ಲೇ ತಿದ್ದಿ.

ಈಗ ಸುಡುವ ಪುರಾಣ. ಇದು ಇಷ್ಟು ಉದ್ದವಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ನಗರದ ಒಂದು ಸ್ಟುಡಿಯೋದಲ್ಲಿ ಹೊರಗಿನವರ ಪಾತ್ರೆ ಸುಟ್ಟುಕೊಡುತ್ತಾರೆ ಅಂತ ಹೋದೆ. ಮೊದಲು ಒಂದು ಫಾರಂ. ಮಣ್ಣು ಯಾವ ಕಂಪನಿಯದು, ಎಷ್ಟು ಡಿಗ್ರಿಯದು, ಗೋಡೆಯ ದಪ್ಪ ಎಷ್ಟು, ಪೂರ್ತಿ ಒಣಗಿದೆಯಾ, ಒಡೆದರೆ ನಾವು ಹೊಣೆಯಲ್ಲ, ನಿಮ್ಮದು ಸಿಡಿದು ಪಕ್ಕದವರದ್ದು ಹಾಳಾದರೆ ನೀವೇ ಹೊಣೆ, ಇಲ್ಲಿ ಸಹಿ. ಅಜ್ಜಿಯ ಮಣ್ಣಿಗೆ ಕಂಪನಿ ಎಲ್ಲಿಂದ ತರಲಿ? "ಕೆರೆ ಮಣ್ಣು" ಅಂತ ಬರೆದೆ. ಅವರು ತೆಗೆದುಕೊಳ್ಳಲಿಲ್ಲ. ಅವರ ಮಾತಲ್ಲೂ ನ್ಯಾಯವಿತ್ತು. ಅವರು ಕೆಲವು ಸಲ 1200 ಡಿಗ್ರಿ ದಾಟಿ ಸುಡುತ್ತಾರೆ. ನಮ್ಮ ಕೆಂಪು ಮಣ್ಣು ಅಷ್ಟು ಬಿಸಿಗೆ ಕರಗಿ ಗೂಡಿನೊಳಗೆ ಪಾತ್ರೆ ಇಡುವ ಹಲಗೆಗೆ ಅಂಟಿಕೊಂಡರೆ ಹಲಗೆಯೇ ದಂಡ. ಮಾದರಿ ತುಂಡು ಕೊಟ್ಟು ಹೋಗಿ, ಕಡಿಮೆ ಬಿಸಿಯ ಸುಡುವಿಕೆ ಬಂದಾಗ ಹಾಕಿ ನೋಡುತ್ತೇವೆ ಅಂದರು. ಗೂಡು ತುಂಬಿದ ಮೇಲೆಯೇ ಸುಡುವುದು, ತುಂಬುವುದು ಯಾವಾಗ ಅಂತ ಅವರಿಗೂ ಗೊತ್ತಿಲ್ಲ. ಫೋನ್ ಮಾಡಿ ಮಾಡಿ ಸಾಕಾಯಿತು. ನೀವು ಸ್ಟುಡಿಯೋದಲ್ಲೇ ಸುಡಿಸುವುದಾದರೆ ಮಣ್ಣು ಕೊಳ್ಳುವ ಮೊದಲೇ ಅವರನ್ನು ಕೇಳಿ, ಅವರು ಹೇಳಿದ ಮಣ್ಣನ್ನೇ ಕೊಳ್ಳಿ. ಬಿಲ್ ಇಟ್ಟುಕೊಳ್ಳಿ. ದರ ತೂಕಕ್ಕಾ ಅಳತೆಗಾ ಅಂತಲೂ ಕೇಳಿಕೊಳ್ಳಿ. ಮಡಕೆಯಂಥ ಟೊಳ್ಳು ಪಾತ್ರೆಗೆ ಅಳತೆ ಲೆಕ್ಕ ದುಬಾರಿ ಬೀಳುತ್ತದೆ.

ತಾರಸಿ ಮೇಲೆ ಬೆರಣಿ ಹಾಕಿ ಸುಡಬಹುದಾ ಅಂತ ಮನೆ ಮಾಲೀಕರನ್ನು ಕೇಳಿದೆ. ಅವರು ನಕ್ಕರು. ಅದೇ ಉತ್ತರ.

ಮತ್ತೆ ಅಜ್ಜಿಯ ಊರೇ ಗತಿ. ಆದರೆ ಆವಿಗೆ ನಮಗೆ ಬೇಕೆಂದಾಗ ಉರಿಯುವುದಿಲ್ಲ. ಮಳೆಯಲ್ಲಿ ಸೌದೆ ಹಸಿ, ಹುಲ್ಲು ಹಸಿ. ದೀಪಾವಳಿ ಹಣತೆಗಳ ರಾಶಿ ಸಿದ್ಧವಾದ ಮೇಲೆ ದೊಡ್ಡ ಆವಿಗೆ ಹಾಕುತ್ತೇವೆ, ಅದರಲ್ಲಿ ಸೇರಿಸಿದರಾಯಿತು ಅಂದರು. ಶ್ರಾವಣ ಕಳೆಯಿತು, ಗೌರಿ ಗಣೇಶ ಕಳೆಯಿತು, ದಸರಾ ಮುಗಿಯಿತು. ಮಡಕೆಗಳು ಅಟ್ಟದ ಮೇಲೆ. ಅವನ್ನು ಬಸ್ಸಿನಲ್ಲಿ ಒಯ್ಯುವುದು ಬೇರೆ ಪಾಡು. ಸುಡದ ಮಡಕೆ ಬಿಸ್ಕತ್ತಿಗಿಂತ ನಾಜೂಕು, ಅಂಚು ಹಿಡಿದು ಎತ್ತಿದರೆ ಅಂಚೇ ಕೈಗೆ ಬರುತ್ತದೆ. ಬಕೆಟ್ಟಿನಲ್ಲಿ ಭತ್ತದ ಹೊಟ್ಟು ತುಂಬಿ ಅದರೊಳಗೆ ಹೂತು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಕಂಡಕ್ಟರ್ ಲಗೇಜ್ ಕೇಳಲಿಲ್ಲ, ಏನಮ್ಮ ಇದು ಅಂತ ಮಾತ್ರ ಕೇಳಿದರು.

ಅಜ್ಜಿ ಒಂದೊಂದನ್ನೂ ಎತ್ತಿ ಕೆನ್ನೆಗೆ ಒತ್ತಿ ನೋಡಿದರು. ಎರಡನ್ನು ಪಕ್ಕಕ್ಕೆ ಇಟ್ಟರು. "ಇವು ಇನ್ನೂ ತಣ್ಗವೆ ಕನವ್ವ, ಒಳ್ಗೆ ನೀರದೆ. ಬೆಂಕಿಗ್ ಹಾಕುದ್ರೆ ಹೊಡ್ದೋಯ್ತವೆ." ಇಷ್ಟು ತಿಂಗಳು ಅಟ್ಟದಲ್ಲಿದ್ದವು! ಆದರೆ ಮಳೆಗಾಲದ ಗಾಳಿಯ ತೇವವನ್ನು ಒಣ ಮಣ್ಣು ಹೀರಿಕೊಳ್ಳುತ್ತದೆ. ನೀರು ಆರುತ್ತಿರುವ ಮಣ್ಣು ಕೆನ್ನೆಗೆ ತಣ್ಣಗೆ ತಾಗುತ್ತದೆ. ಒಳಗೆ ಗಾಳಿಗುಳ್ಳೆ ಇದ್ದರೆ ಮಡಕೆ ಸಿಡಿಯುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಸಿಡಿಸುವುದು ಗಾಳಿ ಅಲ್ಲ, ನೀರು. 100 ಡಿಗ್ರಿ ದಾಟುವಾಗ ಅದು ಹಬೆಯಾಗಿ ಉಬ್ಬಿ, ದಾರಿ ಸಿಗದಿದ್ದರೆ ಗೋಡೆಯನ್ನೇ ಒಡೆದುಕೊಂಡು ಬರುತ್ತದೆ. ಆ ಎರಡನ್ನು ಒಲೆಯ ಪಕ್ಕ ರಾತ್ರಿಯಿಡೀ ಬೆಚ್ಚಗೆ ಇಟ್ಟು ಮಾರನೇ ದಿನ ಸೇರಿಸಿದರು.

ಆವಿಗೆ ಜೋಡಿಸುವುದು ಇಡೀ ಮನೆಯ ಕೆಲಸ. ಕೆಳಗೆ ಸೌದೆ, ಬೆರಣಿ, ತೆಂಗಿನ ಮಟ್ಟೆ. ಮೇಲೆ ದೊಡ್ಡ ಮಡಕೆಗಳು, ಸಂದಿಯಲ್ಲಿ ಹಣತೆಗಳು. ಅದರ ಮೇಲೆ ಒಡೆದ ಬೋಕಿಗಳು, ಹುಲ್ಲು, ಕೊನೆಗೆ ರಾಡಿ ಮಣ್ಣಿನ ಹೊದಿಕೆ. ನನ್ನವನ್ನು ಅಂಚಿಗೆ ಹಾಕದೆ ನಡುವೆ ಇಟ್ಟರು. ಮೊದಲು ಬರೀ ಹೊಗೆ. ಬಿಳಿ ಹೊಗೆ ಬರುವಷ್ಟು ಹೊತ್ತು ಉರಿ ಜಾಸ್ತಿ ಮಾಡುವ ಹಾಗಿಲ್ಲ, ಅದರಲ್ಲಿ ಹಬೆ ಇರುತ್ತದೆ. ಆಮೇಲೆ ಜೋರು ಉರಿ. 350ರಿಂದ 600 ಡಿಗ್ರಿ ಒಳಗೆ ಮಣ್ಣಿನ ಕಣದೊಳಗೇ ಬೆಸೆದುಕೊಂಡ ನೀರೂ ಹೋಗುತ್ತದೆ. ಅಲ್ಲಿಂದ ಮುಂದೆ ಅದು ಮತ್ತೆ ಕರಗುವ ಮಣ್ಣಲ್ಲ.

ಬೆಳಿಗ್ಗೆ ನಾನು ಆವಿಗೆ ಪಕ್ಕದಲ್ಲೇ ನಿಂತಿದ್ದೆ. ತೆಗೆಯೋಣವಾ ಅಂತ ಕೇಳಿದ್ದಕ್ಕೆ ಅಜ್ಜಿ, "ಬೆಂಕಿಗಿಲ್ದಿರೊ ಅರ್ಜೆಂಟು ನಿಂಗ್ಯಾಕವ್ವ" ಅಂದರು. ಮಣ್ಣಿನಲ್ಲಿ ಇರುವ ಬೆಣಚುಕಲ್ಲಿನ ಕಣಗಳು 573 ಡಿಗ್ರಿಯಲ್ಲಿ ಗಾತ್ರ ಬದಲಿಸುತ್ತವೆ, ಬಿಸಿಯಾಗುವಾಗ ಹಿಗ್ಗಿ, ತಣಿಯುವಾಗ ಕುಗ್ಗಿ. ಬೇಗ ತೆರೆದು ತಣ್ಣನೆ ಗಾಳಿ ಬಿಟ್ಟರೆ ಟಿಣ್ ಅಂತ ಸೀಳುತ್ತದೆ. ಸಂಜೆ ಬೂದಿ ಸರಿಸಿದಾಗ ಒಂದು ಮಡಕೆಯ ಹೊಟ್ಟೆ ಒಡೆದಿತ್ತು. ಉಳಿದವು ಗಟ್ಟಿಯಾಗಿದ್ದವು. ಗೆಣ್ಣಿನಿಂದ ತಟ್ಟಿದರೆ ಸದ್ದು ಸ್ಪಷ್ಟ. ಒಂದರ ಮೈಮೇಲೆ ಹೊಗೆ ತಾಗಿದ ಕಪ್ಪು ಮಚ್ಚೆ. ನನಗೆ ಅದೇ ಇಷ್ಟ. ಅಜ್ಜಿಗೆ ಇಷ್ಟವಾಗಲಿಲ್ಲ, ಸರಿಯಾಗಿ ಬೆಂದಿಲ್ಲ ಅಂದರು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮನೆಗೆ ತಂದು ಕೆಲವು ದಿನ ಆದ ಮೇಲೆ ಒಂದು ಬಟ್ಟಲಿನ ಮೈಯಿಂದ ಚಕ್ಕೆ ಎದ್ದು ಬಿತ್ತು. ಗುಳಿಯ ನಡುವೆ ಬಿಳಿ ಚುಕ್ಕಿ. ಅಜ್ಜಿ ಹೆಕ್ಕಿ ಬಿಸಾಡು ಅಂದಿದ್ದ ಸುಣ್ಣದ ಹರಳು ಇದು. ಬೆಂಕಿಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ ಚಕ್ಕೆ ಎಬ್ಬಿಸುತ್ತದೆ. ಸುಟ್ಟ ಮೇಲೂ ನೀರು ಬಿಡಲಿಲ್ಲ ನೋಡಿ. ಕೆರೆ ಮಣ್ಣು ಬಳಸುವವರು ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಜಾಲರಿಯಲ್ಲಿ ಸೋಸಿ. ಅಷ್ಟು ಸಣ್ಣ ಹರಳು ಹೆಚ್ಚು ತೊಂದರೆ ಕೊಡುವುದಿಲ್ಲ.

ಬಳಸುವ ಮೊದಲು ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಆಮೇಲೆ ಅಕ್ಕಿ ಗಂಜಿ ತುಂಬಿ ಸಣ್ಣ ಉರಿಯಲ್ಲಿ ಕುದಿಸಿ ಹಾಗೇ ಆರಲು ಬಿಡಬೇಕು. ಗಂಜಿ ಸಣ್ಣ ತೂತುಗಳಲ್ಲಿ ಕೂತು ಜಿನುಗುವುದು ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಹೊರಮೈಯಲ್ಲಿ ನೀರು ಆರುವುದರಿಂದಲೇ ಮಡಕೆ ನೀರು ತಂಪು. ಮೊಸರು ಹೆಪ್ಪು ಹಾಕಿದರೆ ನೀರಿನಂಶ ಗೋಡೆ ಹೀರಿ ಗಟ್ಟಿ ಮೊಸರು ಸಿಗುತ್ತದೆ. ಸೋಪು ಹಾಕಬೇಡಿ, ಗೋಡೆ ಅದನ್ನೂ ಹೀರುತ್ತದೆ. ತೆಂಗಿನ ನಾರು, ಬಿಸಿನೀರು ಸಾಕು.

ಖರ್ಚಿನ ವಿಷಯ: ಮಣ್ಣಿಗಿಂತ, ಸುಡುವುದಕ್ಕಿಂತ ಓಡಾಟ ಮತ್ತು ಅಜ್ಜಿಯ ಕೂಲಿಯೇ ದೊಡ್ಡ ಬಾಬತ್ತು. ಆ ದುಡ್ಡಿಗೆ ಅಂಗಡಿಯಲ್ಲಿ ಮನೆ ತುಂಬ ಮಡಕೆ ಬರುತ್ತಿತ್ತು ಅಂತ ಮನೆಯವರು ಲೆಕ್ಕ ಹೇಳುತ್ತಾರೆ. ಸರ್ಕಾರದ ತರಬೇತಿ ಇಲ್ಲವಾ ಅಂತ ಕೆಲವರು ಕೇಳಿದರು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ಆ ಕಡೆಯವರು ವಿಚಾರಿಸಬಹುದು. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲೂ ಕುಂಬಾರಿಕೆ ಇದೆ, ಆದರೆ ಅದು ಆಗಲೇ ಕಸುಬು ಮಾಡುತ್ತಿರುವವರಿಗೆ. ನಮ್ಮಂಥ ಹವ್ಯಾಸದವರು ಅಲ್ಲಿ ಸಾಲು ನಿಲ್ಲುವುದು ಸರಿಯಲ್ಲ.

ಈಗ ಶುರು ಮಾಡುವವರು ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ, ಯುಗಾದಿ ಹೊತ್ತಿಗೆ ಒಣಗಿಸಿ ಮುಗಿಸಿ. ಆಷಾಢಕ್ಕೆ ಮುಂಚೆ ಆವಿಗೆಯೂ ಸಿಗುತ್ತದೆ. ಮುಚ್ಚಳ ಬೇಕಿದ್ದರೆ ಮಡಕೆಯ ಜೊತೆಗೇ, ಅದೇ ಕಲಸಿದ ಮಣ್ಣಿನಲ್ಲಿ ಮಾಡಿ ಬಾಯಿಯ ಮೇಲೆಯೇ ಇಟ್ಟು ಒಣಗಿಸಿ. ಎರಡೂ ಒಂದೇ ಲೆಕ್ಕದಲ್ಲಿ ಕುಗ್ಗುತ್ತವೆ. ಆಮೇಲೆ ಅಳತೆ ಹಿಡಿದು ಮಾಡಿದ ಮುಚ್ಚಳ ಯಾವುದಕ್ಕೂ ಕೂರುವುದಿಲ್ಲ. ನನ್ನ ಮೊಸರಿನ ಮಡಕೆಗೆ ಸದ್ಯಕ್ಕೆ ಸ್ಟೀಲ್ ತಟ್ಟೆಯೇ ಮುಚ್ಚಳ.